ದಿನಕ್ಕೆ ಮುಕ್ಕಾಲು ಲೀಟರು

ಫೆಬ್ರವರಿ 12, ಸೋಮವಾರ
ಡಯಾಲಿಸಿಸ್ ಕೋಣೆ, ಕಿಟಕಿ ಪಕ್ಕದ ಕುರ್ಚಿ

ಮೆಣಸೂ,

ನೀನು ಅಮ್ಮನಿಗೆ ಬರೆದ ಕಾಗದ ನಾನೂ ಓದಿದೆ. ಕದ್ದು ಓದಿದ್ದಲ್ಲ. ಕನ್ನಡಕ ಸಿಗ್ತಿಲ್ಲ, ನೀವೇ ಓದಿ ಹೇಳಿ ಅಂತ ಅವಳೇ ನನ್ನ ಕೈಗೆ ಕೊಟ್ಟಳು. ಕನ್ನಡಕ ಅವಳ ತಲೆ ಮೇಲೇ ಇತ್ತು. ನಾಲ್ಕು ವರ್ಷದಿಂದ ಅಪ್ಪನ ಹೆಸರಿಲ್ಲದ ಕಾಗದ ಬರೀತಿದ್ದೀಯ, ಅವಳೂ ನಾಲ್ಕು ವರ್ಷದಿಂದ ಕನ್ನಡಕ ಕಳ್ಕೊತಿದ್ದಾಳೆ.

ಮೇ ಕೊನೆಗೆ ಹೆರಿಗೆ ಅಂತ ಓದಿ ನನಗೆ ಏನಾಯ್ತು ಅಂತ ಬರೆಯಕ್ಕೆ ಬರಲ್ಲ. ಎದ್ದು ಹೋಗಿ ಬಾಗಿಲ ಬಳಿ ಸುಮ್ಮನೆ ನಿಂತ್ಕೊಂಡೆ. ನೀನು ಅಮ್ಮನನ್ನು ಒಂದು ತಿಂಗಳಿಗೆ ಕರೆದಿದ್ದೀಯ. ಬರಕ್ಕಾಗಲ್ಲ ಮಗಳೇ ಅಂತ ಅವಳು ಬರೆದಿದ್ದಾಳೆ. ಯಾಕೆ ಅಂತ ಬರೆದಿರಲ್ಲ, ನಾನು ಬರೀತೀನಿ. ಯಾಕೆ ಅಂದ್ರೆ ನಾನು.

ನನ್ನ ಕಿಡ್ನಿ ಎರಡೂ ಕೈಕೊಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ಇಲ್ಲಿ ಬಂದು ಕೂರಬೇಕು. ಎಡಗೈಗೆ ಎರಡು ದಪ್ಪ ಸೂಜಿ, ಒಂದರಲ್ಲಿ ರಕ್ತ ಹೋಗುತ್ತೆ, ಇನ್ನೊಂದರಲ್ಲಿ ತೊಳೆದು ವಾಪಸ್ ಬರುತ್ತೆ. ನಾಲ್ಕು ಗಂಟೆ ಅಲ್ಲಾಡೋ ಹಾಗಿಲ್ಲ. ಬಲಗೈ ಖಾಲಿ, ಅದಕ್ಕೇ ಕಾಗದ. ಫೋನ್ ಮಾಡಬಾರದಾ ಅಂತೀಯ. ಮೂವತ್ತೊಂದು ವರ್ಷ ಲಾರಿ ತೂಗೋ ವೇಬ್ರಿಡ್ಜಿನಲ್ಲಿ ಇಂಜಿನ್ ಪಕ್ಕ ನಿಂತ ಕಿವಿ ಇದು. ಫೋನಲ್ಲಿ ನೀನು ಅತ್ತರೂ ನಕ್ಕರೂ ನನಗೆ ಒಂದೇ ಥರ ಕೇಳುತ್ತೆ.

ಸೂಜಿ ಏನೂ ಅಲ್ಲ, ಅಭ್ಯಾಸ ಆಗಿದೆ. ನೀರೇ ಕಷ್ಟ. ಮೂತ್ರ ನಿಂತು ಹೋಗಿದೆ, ಆದ್ದರಿಂದ ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತೆ, ಮುಂದಿನ ಸಲ ಇಲ್ಲಿ ಬಂದು ಹಿಂಡಿಸಿಕೊಳ್ಳೋ ತನಕ. ದಿನಕ್ಕೆ ಮುಕ್ಕಾಲು ಲೀಟರು, ಅಷ್ಟೇ. ಚಹಾ, ಹಾಲು, ಮಾತ್ರೆ ನುಂಗೋ ನೀರು, ಎಲ್ಲ ಅದರಲ್ಲೇ. ನಿಮ್ಮಮ್ಮ ಬೆಳಗ್ಗೆ ಒಂದು ಬಾಟಲಿ ಅಳೆದು ತುಂಬಿ ಇಡ್ತಾಳೆ, ಆಮೇಲೆ ಅಡುಗೆಮನೆ ಬಾಗಿಲಿಗೆ ಬೀಗ. ಬೀಗದ ಕೈ ಅವಳ ಸೆರಗಿನ ತುದಿಯಲ್ಲಿ. ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ಜೈಲರ್ ಆದಳು ನೋಡು. ಅವಳು ಒಂದು ದಿನ ಇಲ್ಲದಿದ್ರೆ ನಾನು ನಲ್ಲಿಗೇ ಬಾಯಿ ಕೊಡ್ತೀನಿ ಅಂತ ಅವಳಿಗೆ ಗೊತ್ತು, ಅದಕ್ಕೇ ಬರಲ್ಲ.

ಆದ್ರೆ ಒಂದು ದಾರಿ ಇದೆ. ನಿಮ್ಮೂರಿನ ಆಸ್ಪತ್ರೆಯಲ್ಲೂ ಈ ಮಷಿನ್ ಇದೆ. ನಮ್ಮ ಡಾಕ್ಟರ್ ಒಂದು ಪತ್ರ ಕೊಟ್ಟರೆ ಅಲ್ಲಿ ನನಗೊಂದು ಕುರ್ಚಿ ಕೊಡ್ತಾರೆ, ಇಬ್ಬರೂ ಬರಬಹುದು. ಡಾಕ್ಟರ್ ಷರತ್ತು ಹಾಕಿದ್ದಾರೆ: ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಎರಡು ಕಿಲೋಗಿಂತ ಜಾಸ್ತಿ ನೀರು ಏರಬಾರದು, ಹನ್ನೆರಡು ಸರದಿ ಒಂದೇ ಸಮ ಹಾಗಿರಬೇಕು. ಒಂಬತ್ತು ಗಂಟೆ ಬಸ್ ಪ್ರಯಾಣ, ದಾರಿಯಲ್ಲಿ ಉಸಿರು ಕಟ್ಟಿದರೆ ಕಂಡಕ್ಟರ್ ಏನು ಮಾಡ್ತಾನೆ ಅಂದರು. ಅವರು ಹೇಳೋದು ಸರಿಯೇ.

ನಿನ್ನ ಗಂಡನ ಲಾರಿ ನಾನು ಹಿಡಿದದ್ದು ನೀನು ಮರೆತಿಲ್ಲ, ಗೊತ್ತು. ಅದರ ಬಗ್ಗೆ ಇವತ್ತು ಬೇಡ. ನಾನು ಬರಲಾ?

ಒಂದೇ ಕೈಯಲ್ಲಿ ಬರೆದವನು,
ನಿನ್ನ ಅಪ್ಪ


ಫೆಬ್ರವರಿ 24

ಅಪ್ಪನಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಮೈ ಹುಷಾರಿಲ್ಲ ಅಂತ ಅಮ್ಮ ಬರೆದಿದ್ದಳು, ಇಷ್ಟು ಅಂತ ಬರೆದಿರಲಿಲ್ಲ. ಬೀಗದ ವಿಷಯ ಅಂತೂ ಬರೆದೇ ಇರಲಿಲ್ಲ.

ನಾನು ಚೆನ್ನಾಗಿದ್ದೀನಿ. ಕಾಲರ್ ಹೊಲಿಯೋ ಸಾಲಿನಿಂದ ಗುಂಡಿ ಹಾಕೋ ಸಾಲಿಗೆ ಕೂರಿಸಿದ್ದಾರೆ, ಹೊಟ್ಟೆ ಮೇಜಿಗೆ ತಾಗುತ್ತೆ ಅಂತ. ಇವರು ಗೋದಾಮಿನಲ್ಲಿ ಮಾಲು ಎತ್ತೋ ಗಾಡಿ ಓಡಿಸ್ತಾರೆ. ಲೈಸೆನ್ಸ್ ವಾಪಸ್ ಬಂದು ಮೂರು ವರ್ಷ ಆದರೂ ಲಾರಿ ಹತ್ತಿಲ್ಲ.

ನಾನು ಕರೆದದ್ದು ಅಮ್ಮನನ್ನು. ನೀವೂ ಬರ್ತೀನಿ ಅಂದರೆ ಇವರಿಗೆ ಹೇಳಬೇಕು. ಇನ್ನೂ ಹೇಳಿಲ್ಲ. ಹೇಳೋಕೆ ಒಂದು ಹೊತ್ತು ನೋಡಬೇಕು.

ನೀರು ಜೋಪಾನ.

ನಮಸ್ಕಾರಗಳೊಂದಿಗೆ,
ಮಗಳು


ಮಾರ್ಚ್ 15, ಶುಕ್ರವಾರ
ಅದೇ ಕುರ್ಚಿ

ಮೆಣಸೂ,

ನಿನ್ನ ಕಾಗದದಲ್ಲಿ ಹತ್ತು ಸಾಲಿತ್ತು. ನಾನು ಇಪ್ಪತ್ತು ಸಲ ಓದಿದ್ದೀನಿ, ಇನ್ನೂರು ಸಾಲಿನ ಕಾಗದ ಆಯ್ತು.

ಇವತ್ತು ಕೆಟ್ಟ ಕೋಪದಲ್ಲಿದ್ದೀನಿ, ಮೊದಲೇ ಹೇಳಿಬಿಡ್ತೀನಿ. ಐದು ಸರದಿ ಚೆನ್ನಾಗಿ ಹೋಗಿತ್ತು. ಏರಿದ್ದು ಒಂದೂ ಎಂಟು ಕಿಲೋ, ಒಂದೂ ಒಂಬತ್ತು, ಎರಡು, ಎರಡು, ಒಂದೂ ಒಂಬತ್ತು. ಇವತ್ತು ಎರಡೂ ಆರು. ಡಾಕ್ಟರ್ ಪುಸ್ತಕ ನೋಡಿ, 'ಮತ್ತೆ ಒಂದರಿಂದ ಶುರು ಮಾಡೋಣ ಯಜಮಾನರೇ' ಅಂದರು. ಮಗ್ಗಿ ತಪ್ಪಿದ ಮಕ್ಕಳಿಗೆ ಹೇಳೋ ಹಾಗೆ ಹೇಳಿದರು.

ಎರಡೂ ಆರು ಯಾಕಾಯ್ತು ಅಂತ ನನಗೆ ಗೊತ್ತು. ಮೊನ್ನೆಯಿಂದ ಬಿಸಿಲು ಜೋರು. ಸ್ನಾನಕ್ಕೆ ನಿಂತವನು ಬಾಯಿ ತೆರೆದುಬಿಟ್ಟೆ. ತೆರೀಬೇಕು ಅಂತ ತೆರೆದದ್ದಲ್ಲ ಮಗಳೇ, ಅದೇ ತೆರ್ಕೊಂತು. ಬಾಯಾರಿಕೆ ಅಂದ್ರೆ ನಿಮಗೆಲ್ಲ ಗಂಟಲಲ್ಲಿ ಆಗೋದು. ನನಗೆ ಹಲ್ಲಿನ ಸಂದಿಯಲ್ಲಿ ಆಗುತ್ತೆ, ಕಣ್ಣಿನ ಹಿಂದೆ ಆಗುತ್ತೆ. ನಾಲಗೆ ಅಂಗುಳಕ್ಕೆ ಅಂಟಿ, ಬಿಡಿಸಿದರೆ ಚಟ್ ಅನ್ನುತ್ತೆ. ಮನುಷ್ಯರ ಮಾತು ಕೇಳದ ಈ ಕಿವಿಗೆ ಪಕ್ಕದ ಮನೆ ನಲ್ಲಿ ತೊಟ್ಟಿಕ್ಕೋದು ಕೇಳುತ್ತೆ ಅಂದ್ರೆ ನಂಬ್ತೀಯಾ? ಅಮ್ಮ ನಂಬಲ್ಲ.

ಎಲ್ಲ ಉಪಾಯ ಮಾಡಿ ನೋಡಿದ್ದೀನಿ. ಉಪ್ಪು ಬಿಟ್ಟೆ, ಊಟ ಈಗ ಕಾಗದ ತಿಂದ ಹಾಗಿರುತ್ತೆ. ನಿಂಬೆ ಹೋಳು ನೆಕ್ಕಿದೆ. ಐಸ್ ಚೂರು ಬಾಯಲ್ಲಿಟ್ಟೆ. ಕರಗಿದರೆ ಅದೂ ನೀರೇ, ಅದನ್ನೂ ಅಮ್ಮ ಲೆಕ್ಕಕ್ಕೆ ಹಿಡೀತಾಳೆ. ಬಾಯಿ ಮುಕ್ಕಳಿಸಿ ಉಗಿ ಅಂದರು ಸಿಸ್ಟರ್. ಬಾಯಿಗೆ ಬಂದ ನೀರನ್ನು ಉಗಿಯೋದಕ್ಕೆ ಋಷಿಯಾಗಬೇಕು, ನಾನು ವೇಬ್ರಿಡ್ಜಿನವನು.

ಪಕ್ಕದ ಕುರ್ಚಿಯಲ್ಲಿ ಒಬ್ಬ ಕ್ಷೌರದ ಅಂಗಡಿಯವನಿದ್ದಾನೆ, ಒಳ್ಳೆ ತಮಾಷೆ ಮನುಷ್ಯ. ಅವನಿಗೆ ಯಾವಾಗಲೂ ಮೂರೂವರೆ ಏರಿರುತ್ತೆ. 'ನಾನೇನು ಕುಡೀತೀನಿ ಸ್ವಾಮೀ, ಗಿರಾಕಿ ತಲೆಗೆ ನೀರು ಚಿಮುಕಿಸೋದನ್ನು ನೋಡಿದರೇ ನನ್ನ ತೂಕ ಏರುತ್ತೆ' ಅಂತಾನೆ. ಇಲ್ಲಿ ತೂಕದ ತಟ್ಟೆ ನೆಲಕ್ಕೆ ಸಮವಾಗಿದೆ, ಗಾಲಿಕುರ್ಚಿ ಹತ್ತಲಿ ಅಂತ. ನಾವೇ ನಿಂತು ಅಂಕಿ ಓದಿ ಹೇಳಬೇಕು, ಸಿಸ್ಟರ್ ಮೇಜಿನಿಂದಲೇ ಬರ್ಕೊತಾರೆ. ಬುಧವಾರ ಅವನು ಗೋಡೆಗೆ ಮೊಣಕೈ ಊರಿ ನಿಂತಿದ್ದ. 'ಕೈ ತೆಗೀರಿ' ಅಂದೆ. ಎರಡು ಕಿಲೋ ಏರಿತು! ಸಿಸ್ಟರ್ ಬಿದ್ದು ಬಿದ್ದು ನಕ್ಕರು. ಅವತ್ತಿಂದ ಎಲ್ಲರ ತೂಕ ನೋಡೋ ಕೆಲಸ ನನ್ನದೇ, 'ತೂಕದ ಯಜಮಾನರು ಹೇಳಿದ ಮೇಲೆ ಮುಗೀತು' ಅಂತಾರೆ. ನಿವೃತ್ತಿ ಆದಮೇಲೆ ಯಾರೂ ಹಾಗೆ ಕರೆದಿರಲಿಲ್ಲ, ಖುಷಿ ಆಯ್ತು.

ಅಳಿಯನಿಗೆ ಹೇಳಿದೆಯಾ?

ಕಾಯ್ತಿರುವ,
ಅಪ್ಪ


ಏಪ್ರಿಲ್ 2

ಅಪ್ಪನಿಗೆ ನಮಸ್ಕಾರ.

ಹೇಳಿದೆ. ಊಟಕ್ಕೆ ಕೂತಿದ್ದರು. 'ಬರಲಿ, ಬಾಗಿಲಲ್ಲಿ ತೂಕ ಹಾಕಿ ಒಳಗೆ ಬಿಡೋಣ' ಅಂದರು. ಹೇಳಿ ಆದಮೇಲೆ ಅವರಿಗೇ ಕೆಟ್ಟದಾಯ್ತು ಅನ್ಸುತ್ತೆ, ತಟ್ಟೆಯಲ್ಲಿ ಇದ್ದದ್ದನ್ನು ಮುಗಿಸದೆ ಎದ್ದರು. ಮಾರನೇ ದಿನ ಕೆಲಸದಿಂದ ಬರುವಾಗ ಮಂಚಕ್ಕೆ ಹಲಗೆ ತಂದರು. ಎರಡು ಮಂಚಕ್ಕೆ ಆಗುವಷ್ಟಿತ್ತು.

ಶನಿವಾರ ಇಲ್ಲಿನ ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಮೇ ತಿಂಗಳು ಪೂರ್ತಿ ಒಂದು ಕುರ್ಚಿ ಸಿಗುತ್ತಂತೆ, ಮಧ್ಯಾಹ್ನದ ಸರದಿ. ಡಾಕ್ಟರ ಪತ್ರ ಏಪ್ರಿಲ್ ಮುಗಿಯೋದರೊಳಗೆ ಬರಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡ್ತಾರೆ. ಹಿಡಿದಿಟ್ಟಿರಿ ಅಂತ ಹೇಳಿ ಬಂದಿದ್ದೀನಿ.

ಅಮ್ಮನಿಗೆ ಹೇಳಿ, ಅವಳ ಹಳೇ ಹತ್ತಿ ಸೀರೆಗಳನ್ನು ತರಲಿ. ಮಗುವಿಗೆ ಅದೇ ಮೆತ್ತಗಿರುತ್ತೆ. ಅಮ್ಮನ ವಾಸನೆ ಇರೋದನ್ನು ಒಗೆಯದೆ ತರಲಿ ಅಂತ ಹೇಳಿ. ಇದನ್ನು ಅವಳೊಬ್ಬಳಿಗೇ ಹೇಳಿ, ನಗಬೇಡಿ.

ಎಷ್ಟು ಸರದಿ ಆಯ್ತು ಬರೀರಿ.

ನಿಮ್ಮ ಮಗಳು


ಏಪ್ರಿಲ್ 19, ಶುಕ್ರವಾರ
ಕುರ್ಚಿಯಿಂದ

ಮೆಣಸೂ, ನನ್ನ ಬಂಗಾರಾ,

ಇವತ್ತಿಗೆ ಒಂಬತ್ತು! ಮಾರ್ಚ್ ಕೊನೆಗೆ ಇನ್ನೊಮ್ಮೆ ತಪ್ಪಿ, ಏಪ್ರಿಲ್ ಒಂದರಿಂದ ಮತ್ತೆ ಶುರು ಮಾಡಿದ್ದೆ, ಆಮೇಲೆ ಒಂದೂ ತಪ್ಪಿಲ್ಲ. ಕೊನೇ ನಾಲ್ಕು ಎರಡು, ಒಂದೂ ಒಂಬತ್ತು, ಎರಡು, ಎರಡು. ಡಾಕ್ಟರ್ ಬೆನ್ನು ತಟ್ಟಿದರು. ಇನ್ನು ಮೂರು, ಶುಕ್ರವಾರಕ್ಕೆ ಪತ್ರ ಕೈಗೆ.

ಅಮ್ಮ ಪೆಟ್ಟಿಗೆ ಇಳಿಸಿದ್ದಾಳೆ. ಸೀರೆ ವಿಷಯ ಹೇಳಿದೆ, ನಾನು ನಗಲಿಲ್ಲ. ಅವಳು ಒಳಗೆ ಹೋದಳು, ಬಹಳ ಹೊತ್ತು ಬರಲಿಲ್ಲ.

ಜಾಸ್ತಿ ಬರೆಯಲ್ಲ, ಸ್ವಲ್ಪ ಸುಸ್ತು. ಬಿಸಿಲು ಇರಬೇಕು. ಚಪ್ಪಲಿ ಬಿಗಿಯಾಗಿದೆ, ಹೊಸದು ತಗೋಬೇಕು, ಬಸ್ಸಿನಲ್ಲಿ ಒಂಬತ್ತು ಗಂಟೆ ಹಾಕ್ಕೊಂಡಿರಬೇಕಲ್ಲ.

ಕುರ್ಚಿ ಬಿಟ್ಟುಕೊಡಬೇಡ. ನಾನು ಬಂದೇ ಬರ್ತೀನಿ.

ಅಪ್ಪ


ಮೇ 1

ಮಗಳೇ,

ನಾನು ಅಮ್ಮ. ನಿಮ್ಮಪ್ಪನಿಗೆ ಬರೆಯಕ್ಕಾಗಲ್ಲ, ಆಸ್ಪತ್ರೆಯಲ್ಲಿದ್ದಾರೆ. ಜೀವಕ್ಕೆ ಏನೂ ಇಲ್ಲ, ಮೊದಲು ಅದನ್ನು ಓದ್ಕೋ, ಆಮೇಲೆ ಮುಂದಿನದು ಓದು. ಫೋನ್ ಮಾಡೋಣ ಅಂತ ಎರಡು ಸಲ ಕೈಗೆ ತಗೊಂಡೆ. ಈ ಹೊತ್ತಲ್ಲಿ ನೀನು ಗಾಬರಿ ಬೀಳಬಾರದು, ನನಗೂ ಬಾಯಲ್ಲಿ ಹೇಳೋ ಧೈರ್ಯ ಬರಲಿಲ್ಲ.

ಶುಕ್ರವಾರ ಡಾಕ್ಟರು ಪತ್ರ ಕೊಟ್ಟರು. ಅದನ್ನು ಅಂಗಿ ಜೇಬಲ್ಲಿ ಇಟ್ಕೊಂಡೇ ಮಲಗಿದ್ದರು. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ಬಟ್ಟೆ ಮಡಚ್ತಿದ್ದೆ, ಅವರು ಕುರ್ಚಿಯಲ್ಲಿ ಕೂತು ಕೆಮ್ಮೋಕೆ ಶುರು ಮಾಡಿದರು. ಕೆಮ್ಮು ಅಂದ್ರೆ ಕೆಮ್ಮಲ್ಲ, ಒಳಗೆ ನೀರು ಕುದಿಯೋ ಥರ ಗೊರಗೊರ ಸದ್ದು. ತುಟಿ ನೀಲಿ ಆಯ್ತು. ಕೆಳಗಿನ ಮನೆಯವರ ಗಾಡಿಯಲ್ಲಿ ಹಾಕ್ಕೊಂಡು ಹೋದೆ. ಶ್ವಾಸಕೋಶದ ತುಂಬ ನೀರು ಅಂದರು. ಅಲ್ಲಿ ಮಲಗಿಸಿಯೇ ತೂಕ ಹಾಕಿದರೆ, ಶುಕ್ರವಾರ ಬರೆಸಿದ್ದಕ್ಕೂ ಅದಕ್ಕೂ ಆರು ಕಿಲೋ ಫರಕು. ಎರಡು ದಿನದಲ್ಲಿ ಮನುಷ್ಯ ಆರು ಲೀಟರು ಕುಡಿಯಕ್ಕಾಗುತ್ತಾ ಅಂತ ಸಿಸ್ಟರು ನನ್ನ ಮುಖ ನೋಡಿದರು. ಮೂಗಿಗೆ ಕೊಳವೆ ಹಾಕ್ಕೊಂಡಿದ್ದ ನಿಮ್ಮಪ್ಪ, 'ಅವಳನ್ನು ಕೇಳಬೇಡಿ, ಎರಡು ಈಗಿನದು, ನಾಲ್ಕು ಹಳೇದು. ಹಿಮ್ಮಡಿ ತಟ್ಟೆಯಿಂದ ಆಚೆ ಇತ್ತು' ಅಂದರು.

ಹೇಗೆ ಅಂತ ಆಮೇಲೆ ಅವರೇ ಹೇಳಿದರು. ತಟ್ಟೆ ನೆಲಕ್ಕೆ ಸಮ ಇದೆಯಲ್ಲ, ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಹೊರಗಿನ ನೆಲಕ್ಕೆ ಒತ್ತೋದು. ತೂಕ ಕಮ್ಮಿ ತೋರಿಸೋಕೆ ಲಾರಿಯವರು ಹಿಂದಿನ ಚಕ್ರ ತಟ್ಟೆಯಿಂದ ಹೊರಗೆ ನಿಲ್ಲಿಸ್ತಾರಲ್ಲ, ಹಾಗೆ. ಮೊದಲ ದಿನ ಅರ್ಧ ಕಿಲೋ ಕಮ್ಮಿ ತೋರಿಸಿದರು. ಆ ಅರ್ಧ ಕಿಲೋ ನೀರು ಮೈಯಲ್ಲೇ ಉಳೀತು. ಮುಂದಿನ ಸರದಿಗೆ ಅದನ್ನೂ ಮುಚ್ಚಬೇಕು, ಹೊಸದನ್ನೂ ಮುಚ್ಚಬೇಕು, ಒಂದು ಕಿಲೋ ಒತ್ತಬೇಕಾಯ್ತು. ಆಮೇಲೆ ಒಂದೂವರೆ. ಎಂಟು ಸರದಿಯಲ್ಲಿ ನಾಲ್ಕು ಕಿಲೋ. ಅವರು ತೂಕದ ಯಜಮಾನರು ಅಂತ ಯಾರೂ ಕಾಲ ಕಡೆ ನೋಡಲೇ ಇಲ್ಲ.

ಈಗ ನನ್ನದು ಕೇಳು. ನನಗೆ ಗೊತ್ತಿತ್ತು. ಹಿಮ್ಮಡಿ ವಿಷಯ ಗೊತ್ತಿರಲಿಲ್ಲ, ನೀರಿನದು ಗೊತ್ತಿತ್ತು. ಗಿಡಕ್ಕೆ ಅಂತ ಹೊರಗಿಟ್ಟ ಬಕೆಟ್ಟಿನಲ್ಲಿ ದಿನಾ ನಾಲ್ಕು ಬೆರಳು ಕಮ್ಮಿ ಆಗ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡೀತಿದ್ದರು. ಕಾಲು ಒತ್ತಿದರೆ ಬೆರಳು ಹೂತು ಗುಳಿ ಬೀಳ್ತಿತ್ತು. ಅಡುಗೆಮನೆಗೆ ಬೀಗ ಹಾಕೋಳಿಗೆ ಬಕೆಟ್ಟು ಒಳಗಿಡೋಕೆ ಏನಾಗಿತ್ತು? ಏನೂ ಆಗಿರಲಿಲ್ಲ. ಎರಡು ಅಂತ ಬರ್ತಿದೆಯಲ್ಲ, ಪತ್ರ ಸಿಗುತ್ತಲ್ಲ, ಹೋಗಿ ನಿನ್ನ ಮುಖ ನೋಡ್ತೀನಲ್ಲ ಅಂತ ಸುಮ್ಮನಿದ್ದೆ. ನಾಲ್ಕು ವರ್ಷ ಆಯ್ತು ಕಣೇ ನಿನ್ನ ನೋಡಿ. ಅವರನ್ನು ಕೊಲ್ಲೋದಕ್ಕೂ ತಯಾರಾಗಿದ್ದೆ ಅನ್ನಿಸುತ್ತೆ ಈಗ.

ಡಾಕ್ಟರು ಪತ್ರ ವಾಪಸ್ ತಗೊಂಡರು. ಆರು ತಿಂಗಳು ಪ್ರಯಾಣದ ಮಾತೇ ಎತ್ತಬೇಡಿ ಅಂದರು. ಆ ಕುರ್ಚಿ ಬಿಟ್ಟುಕೊಡು. ಯಾರಿಗಾದರೂ ಆಗಲಿ.

ಅಮ್ಮ


ಮೇ 8

ಅಪ್ಪಾ,

ನಮಸ್ಕಾರ ಬರೆಯೋ ಮನಸ್ಸಿಲ್ಲ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅವತ್ತು ಇವರು ಲಾರಿ ನಿಲ್ಲಿಸಿದಾಗ ಹಿಂದಿನ ಚಕ್ರ ಒಂದು ಗೇಣು ಆಚೆ ಇತ್ತು. ತಪ್ಪೇ. ನಾನು ಯಾವತ್ತೂ ತಪ್ಪಲ್ಲ ಅಂದಿಲ್ಲ. ಆದರೆ ನೀವು ಕೆಳಗೆ ಬಂದು ಕಿವಿಯಲ್ಲಿ ಹೇಳಬಹುದಿತ್ತು. ಮೈಕಿನಲ್ಲಿ ಕೂಗಿದಿರಿ. 'ಅಳಿಯಂದಿರೇ, ಚಕ್ರ ಒಳಗೆ ತಗೊಳ್ಳಿ, ಇಲ್ಲಿ ಮಾವನ ಮನೆ ಲೆಕ್ಕ ನಡೆಯಲ್ಲ' ಅಂತ. ಹಿಂದೆ ನಿಂತಿದ್ದ ಇಪ್ಪತ್ತು ಲಾರಿಯವರು ನಕ್ಕರು. ಲೈಸೆನ್ಸ್ ಒಂದು ವರ್ಷಕ್ಕೆ ಹೋಯ್ತು, ಅದು ವಾಪಸ್ ಬಂತು. ಆ ನಗು ಇವರ ಕಿವಿಯಿಂದ ಹೋಗಲಿಲ್ಲ, ಅದಕ್ಕೇ ಊರು ಬಿಟ್ಟಿದ್ದು. ನೀವು ಅವತ್ತು ಸಂಜೆ ಮನೆಯಲ್ಲಿ ಎರಡು ಸಲ ಆ ಮಾತು ಹೇಳಿ ನಕ್ಕಿರಿ, ನಾನು ಕಾಳು ಆರಿಸ್ತಾ ಕೇಳಿಸ್ಕೊಂಡೆ.

ಅಮ್ಮನ ಕಾಗದ ಇವರಿಗೆ ಓದಿ ಹೇಳಿದೆ. ನಗ್ತಾರೆ ಅಂದ್ಕೊಂಡಿದ್ದೆ. ನಗಲಿ ಅಂತಲೇ ಓದಿದೆ. ನಗಲಿಲ್ಲ. 'ಎಷ್ಟು ಆಸೆ ಇತ್ತೋ ಮನುಷ್ಯನಿಗೆ' ಅಂದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ ಅಪ್ಪಾ. ನೀವು ಸತ್ತಿದ್ದರೆ ನನ್ನ ಮಗುವಿಗೆ ಏನು ಹೇಳಬೇಕಿತ್ತು? ನಿನ್ನನ್ನು ನೋಡೋಕೆ ಅಂತ ಹೊರಟು ಹೋದರು ಅಂತಾನಾ? ಹುಟ್ಟೋ ಮೊದಲೇ ಅದರ ತಲೆ ಮೇಲೆ ಅದನ್ನು ಹೊರಿಸಬೇಕಿತ್ತಾ?

ಇನ್ನೊಂದು. ಇದನ್ನು ನಾನು ಕೇಳಲೇಬೇಕು. ನೀವು ಕುರ್ಚಿಗೆ ಕಟ್ಟಿಹಾಕ್ಕೊಂಡಿದ್ದೀರ, ಅದು ಕಾಯಿಲೆ, ಯಾರ ತಪ್ಪೂ ಅಲ್ಲ. ಅಮ್ಮನನ್ನು ಆ ಬಾಟಲಿಗೆ ಕಟ್ಟಿದ್ದು ಯಾರು? 'ಅವಳು ಇಲ್ಲದಿದ್ರೆ ನಲ್ಲಿಗೇ ಬಾಯಿ ಕೊಡ್ತೀನಿ' ಅಂತ ತಮಾಷೆ ಥರ ಬರೆದಿರಿ. ನಾನು ಆ ಸಾಲನ್ನು ಎಷ್ಟು ಸಲ ಓದಿದ್ದೀನಿ ಗೊತ್ತಾ? ಅದರಲ್ಲಿ ತಮಾಷೆ ಇಲ್ಲ. ಅದು ಬೆದರಿಕೆ.

ನನಗೆ ಹೆರಿಗೆ ಅಂದ್ರೆ ಭಯ ಆಗ್ತಿದೆ. ಅಮ್ಮ ಬೇಕು. ಅಷ್ಟೇ ನಾನು ಮೊದಲಿಂದಲೂ ಕೇಳ್ತಿರೋದು.

ಮಗಳು


ಮೇ 15, ಬುಧವಾರ
ಕುರ್ಚಿಯಿಂದ

ಮಗಳೇ,

ನಿನ್ನ ಕಾಗದ ಅಮ್ಮನಿಗೆ ತೋರಿಸಲಿಲ್ಲ. ಇವತ್ತು ಕನ್ನಡಕ ನಿಜವಾಗಿಯೂ ನಾನೇ ಬಚ್ಚಿಟ್ಟಿದ್ದೀನಿ.

ಲಾರಿ ಹಿಡಿದದ್ದು ತಪ್ಪು ಅಂತ ಈಗಲೂ ಹೇಳಲ್ಲ, ಹಾಗೆ ಹೇಳಿದರೆ ಇನ್ನೊಂದು ಸುಳ್ಳಾಗುತ್ತೆ. ಮೈಕಿನಲ್ಲಿ ಕೂಗಿದ್ದು ತಪ್ಪು. ನಕ್ಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಎಲ್ಲರೆದುರು ನಾನೆಷ್ಟು ನೆಟ್ಟಗಿದ್ದೀನಿ ಅಂತ ತೋರಿಸ್ಕೊಳ್ಳೋಕೆ ನನಗೆ ನಿನ್ನ ಗಂಡ ಬೇಕಾಗಿದ್ದ. ಅಳಿಯನಿಗೆ ಇದನ್ನು ಓದಿ ಹೇಳು. ಹೇಳುವಾಗ ಪಕ್ಕದ ಮನೆಯವರೂ ಇದ್ದರೆ ಒಳ್ಳೇದು.

ಇಲ್ಲಿ ಸಿಸ್ಟರ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಕೆಂಪು ಬಣ್ಣ ತಂದು ತೂಕದ ತಟ್ಟೆ ಮಧ್ಯೆ ಎರಡು ಪಾದ ಬರೆದರು. ಈಗ ಎಲ್ಲರೂ ಅದರ ಮೇಲೇ ನಿಲ್ಲಬೇಕು, ಸಿಸ್ಟರೇ ಎದ್ದು ಬಂದು ಅಂಕಿ ನೋಡ್ತಾರೆ. ಕ್ಷೌರದವನು 'ನಿಮ್ಮ ಪಾದಕ್ಕೆ ನಮಸ್ಕಾರ' ಅಂತ ಅಂದು ಹತ್ತುತ್ತಾನೆ. ಅವನ ಬಾಯಿ ಮುಚ್ಚಿಸೋ ಯೋಗ್ಯತೆ ನನಗೆ ಉಳಿದಿಲ್ಲ, ನಗ್ತೀನಿ.

ಬೆದರಿಕೆ ಅಂದೆ. ಅದನ್ನು ಓದಿ ಮೂರು ದಿನ ಊಟ ಸೇರಲಿಲ್ಲ. ನಿಜ ಹೇಳ್ತೀನಿ ಕೇಳು: ನನಗೆ ಭಯ. ಅವಳು ಬೀಗ ಹಾಕಿದಾಗ ನನಗೆ ಕೋಪ ಬರುತ್ತೆ, ಕೂಗಾಡ್ತೀನಿ, ಆದರೆ ಒಳಗೆ ಎಲ್ಲೋ ಹಾಯಾಗಿರುತ್ತೆ. ನನ್ನ ಪ್ರಾಣ ನೋಡ್ಕೊಳ್ಳೋ ಕೆಲಸ ಅವಳದು, ಕದಿಯೋ ಕೆಲಸ ನನ್ನದು ಅಂತ ಹಂಚ್ಕೊಂಡುಬಿಟ್ಟಿದ್ದೆ. ಎರಡೂ ನನ್ನದೇ ಆದರೆ ಏನಾಗುತ್ತೋ ಅಂತ ಯಾವತ್ತೂ ನೋಡಿರಲಿಲ್ಲ.

ನಾಳೆ ಗುರುವಾರ ಬೆಳಗಿನ ಬಸ್ಸಿಗೆ ಅಮ್ಮ ಬರ್ತಿದ್ದಾಳೆ. ಸಂಜೆ ನಾಲ್ಕಕ್ಕೆ ಅಲ್ಲಿರ್ತಾಳೆ, ಈ ಕಾಗದಕ್ಕಿಂತ ಮೊದಲೇ ಬಂದಿರ್ತಾಳೆ ಬಿಡು. ಒಪ್ಪಿಸೋಕೆ ನಾಲ್ಕು ದಿನ ಹಿಡೀತು. ಅತ್ತಳು, ಬೈದಳು, ಪೆಟ್ಟಿಗೆ ಬಿಚ್ಚಿ ಬಟ್ಟೆ ಹೊರಗೆ ಹಾಕಿದಳು. ನಾನು ಮತ್ತೆ ತುಂಬಿದೆ. ನಿನ್ನೆ ಸಿಸ್ಟರಿಗೆ ಫೋನ್ ಮಾಡಿ, 'ಇವರನ್ನು ನಂಬಬಹುದಾ' ಅಂತ ಕೇಳಿದಳಂತೆ. ಸಿಸ್ಟರ್, 'ಇವರನ್ನು ನಂಬಬೇಡಿ, ನನ್ನನ್ನು ನಂಬಿ ಹೋಗಿ' ಅಂದರಂತೆ. ಸರಿಯಾಗೇ ಹೇಳಿದ್ದಾರೆ.

ಸೀರೆ ಎರಡು ತರ್ತಿದ್ದಾಳೆ, ಒಗೆದಿಲ್ಲ. ಬಸ್‌ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸಬೇಕಾಗುತ್ತೆ ಅಂತ ಅಮ್ಮನೇ ನಿನಗೆ ಫೋನ್ ಮಾಡ್ತಾಳೆ. ಯಾರು ಅಂತ ಹೇಳೋ ಹಕ್ಕು ನನಗಿಲ್ಲ.

ಹೆದರಬೇಡ. ನೀನು ಹುಟ್ಟಿದಾಗ ನಿಮ್ಮಮ್ಮನೂ ಹೀಗೇ ಹೆದರಿದ್ದಳು.

ನಿನ್ನ ಅಪ್ಪ


ಜೂನ್ 3, ಸೋಮವಾರ
ಕುರ್ಚಿಯಿಂದ

ಇವಳೇ,

ಮದುವೆಯಾಗಿ ಇಷ್ಟು ವರ್ಷಕ್ಕೆ ನಿನಗೆ ಬರೀತಿರೋ ಮೊದಲ ಕಾಗದ ಇದು. ಹೇಗೆ ಶುರು ಮಾಡಬೇಕು ಅಂತಲೇ ಗೊತ್ತಾಗದೆ ಅರ್ಧ ಗಂಟೆ ಹೋಯ್ತು.

ನೀನು ಸಿಸ್ಟರಿಗೆ ಫೋನ್ ಮಾಡಿ ಹೇಳಿದ್ದನ್ನು ಅವರು ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಮುಖದ ಮುಂದೆ ಹಿಡಿದರು. 'ಹೆಣ್ಣು ಮಗು. ಮೂರು ಕಿಲೋ ನೂರು ಗ್ರಾಂ. ಇಬ್ಬರೂ ಚೆನ್ನಾಗಿದ್ದಾರೆ.' ನಾನು ಏನೋ ಒಳ್ಳೇ ಮಾತು ಹೇಳೋಣ ಅಂತ ಬಾಯಿ ತೆರೆದರೆ, 'ಯಾವ ತಕ್ಕಡಿ?' ಅಂತ ಬಂತು. ಇಡೀ ಕೋಣೆ ನಕ್ಕಿತು. ಆಮೇಲೆ ಅಳು ಬಂತು. ಬಲಗೈಯಲ್ಲಿ ಕಾಗದ ಇತ್ತು, ಎಡಗೈಯಲ್ಲಿ ಸೂಜಿ, ಮುಖ ಒರೆಸ್ಕೊಳ್ಳೋಕೆ ಕೈಯೇ ಇರಲಿಲ್ಲ. ಕ್ಷೌರದವನು ತನ್ನ ಟವೆಲಿನ ತುದಿ ಚಾಚಿ ಒರೆಸಿದ. ಒಳ್ಳೆ ಕೈ ಅವನದು.

ಬಸ್‌ಸ್ಟ್ಯಾಂಡಿಗೆ ಅಳಿಯನೇ ಬಂದಿದ್ದ, ಪೆಟ್ಟಿಗೆ ಕೊನೆ ತನಕ ಕೆಳಗಿಡಲಿಲ್ಲ ಅಂತ ಬರೆದಿದ್ದೀಯ. ಸಾಕು. ಅಷ್ಟು ಬಂದದ್ದೇ ಜಾಸ್ತಿ.

ನನ್ನ ಸಮಾಚಾರ ಕೇಳಿದ್ದೀಯ. ಇದ್ದದ್ದು ಇದ್ದ ಹಾಗೆ ಬರೀತೀನಿ. ನೀನು ಹೋದ ಮೊದಲ ಶುಕ್ರವಾರ ಒಂದೂ ಒಂಬತ್ತು. ಸೋಮವಾರ ಮೂರೂ ಒಂದು. ಹೌದು, ಮೂರೂ ಒಂದು. ಸಿಸ್ಟರ್ ಬೈದರು, ಬರೀರಿ ಅಂದೆ. ಅವತ್ತು ಮಷಿನ್ ಅಷ್ಟು ನೀರು ಎಳೆಯುವಾಗ ಎರಡೂ ಮೀನಖಂಡ ಸೆಟೆದು ಕೂಗಿಬಿಟ್ಟೆ. ಆಮೇಲಿಂದ ಎರಡೂ ಮೂರು, ಎರಡು, ಎರಡೂ ಒಂದು, ಎರಡು, ಎರಡೂ ಒಂದು. ಇವತ್ತು ಎರಡೂ ಎರಡು. ಡಾಕ್ಟರಿಗೆ ಸಮಾಧಾನ ಇಲ್ಲ, ಸುಳ್ಳಿಲ್ಲ ಅನ್ನೋದೊಂದೇ.

ಮನೆಯಲ್ಲಿ ಅಡುಗೆಮನೆ ಬಾಗಿಲು ತೆರೆದೇ ಇರುತ್ತೆ. ನಲ್ಲಿ ಅಲ್ಲೇ, ನಾಲ್ಕು ಹೆಜ್ಜೆ. ನೀನಿದ್ದಾಗ ನಿನ್ನ ಕಣ್ಣು ತಪ್ಪಿಸಿ ಕುಡಿಯೋದರಲ್ಲಿ ಒಂದು ಗಮ್ಮತ್ತಿತ್ತು, ಗೆದ್ದೆ ಅನ್ನಿಸೋದು. ಈಗ ಮಧ್ಯಾಹ್ನ ಎರಡು ಗಂಟೆಗೆ ನಾಲಗೆ ಒಣಗಿ ಲೋಟ ಹಿಡ್ಕೊಂಡು ಹೋಗಿ ನಲ್ಲಿ ಮುಂದೆ ನಿಲ್ತೀನಿ. ಯಾರೂ ಇಲ್ಲ. ಯಾರಿಂದ ಕದಿಯಲಿ? ಲೋಟ ಅಲ್ಲೇ ಬೋರಲು ಹಾಕಿ ಬರ್ತೀನಿ. ಎಲ್ಲ ದಿನ ಅಲ್ಲ, ಆದರೆ ಜಾಸ್ತಿ ದಿನ.

ತಿಂಗಳಿಗೆ ಅಂತ ಹೋಗಿದ್ದೀಯ, ಹದಿನೆಂಟು ದಿನ ಆಯ್ತು. 'ಮುಂದಿನ ವಾರವೇ ಬಂದುಬಿಡಲಾ, ನಿಮ್ಮದೇ ಯೋಚನೆ' ಅಂತ ಕೇಳಿದ್ದೀಯ. ಇವತ್ತು ಬೆಳಗ್ಗೆ ಆ ಸಾಲು ಓದಿದಾಗ ಬಾ ಅಂತ ಬರೆಯೋಕೆ ಕೈ ಹೋಯ್ತು. ಬೇಕಾದರೆ ನೋಡು, ಮೇಲೆ ಒಂದು ಅಕ್ಷರ ಹೊಡೆದು ಹಾಕಿದ ಗುರುತಿದೆ.

ಬರಬೇಡ. ನನಗೆ ತುಂಬಾ ಬಾಯಾರಿಕೆ ಆಗಿದೆ, ನಿಜ. ಆದರೂ ಇನ್ನೂ ಸ್ವಲ್ಪ ದಿನ ಇದ್ದು, ಇಬ್ಬರನ್ನೂ ಕಣ್ತುಂಬ ನೋಡ್ಕೊಂಡು ಬಾ.

ನಿನ್ನವನು